ಚಹಾ ಪೆಟ್ಟಿಗೆಯ ಕಂಪ್ಯೂಟರ್

ನಾನು ಚಿಕ್ಕವಳಿದ್ದಾಗ ಒಂದು ಗಣಪತಿ ಹಬ್ಬದಲ್ಲಿ ಕಂಪ್ಯೂಟರ್ ಆಗಿದ್ದೆ. ಕೇಳಿದರೆ ನಿಮಗೆ ನಗು ಬರಬಹುದು. ಕಲ್ಯಾಣದ ನಮ್ಮ ಚಾಳಿನ ಮಂಟಪದಲ್ಲಿ, ಚಹಾಪುಡಿಯ ಮರದ ಪೆಟ್ಟಿಗೆಯೊಳಗೆ ಮುದುರಿ ಕೂತು, ಒಂದು ಚಂದ್ರನೌಕೆಯನ್ನು ಕೆಳಗಿಳಿಸುವ ಕೆಲಸ ನನ್ನದಾಗಿತ್ತು. ಆ ಸಂಜೆ ನನಗಾದ ನಾಚಿಕೆಯನ್ನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ನನ್ನ ಗಂಡನಿಗೂ ಹೇಳಿರಲಿಲ್ಲ.

ಅದು ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟ ವರ್ಷ. ನಾನು ಮೂರನೇ ಇಯತ್ತೆಯಲ್ಲಿದ್ದೆ. ರೈಲು ಹೋದಾಗಲೆಲ್ಲ ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುವಷ್ಟು ಸ್ಟೇಷನ್ನಿಗೆ ಹತ್ತಿರ ನಮ್ಮ ಚಾಳು. ಮೇಲೆ ಕೆಳಗೆ ಸಾಲು ಕೋಣೆಗಳು, ಉದ್ದಕ್ಕೂ ಒಂದೇ ಗ್ಯಾಲರಿ, ತುದಿಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ, ಒಬ್ಬರ ಮನೆಯ ಜಗಳ ಎಲ್ಲರ ಕಿವಿಗೆ. ಅಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ.

ಅಪ್ಪ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮನೆಯೊಳಗೆ ನಾವು ಆಡುತ್ತಿದ್ದುದು ತುಳು, ಕನ್ನಡ. ಹೊಸ್ತಿಲು ದಾಟಿದರೆ ಮರಾಠಿ. ಚಾಳಿನವರು ಕೆಟ್ಟವರಲ್ಲ, ಆದರೆ ಅವರಿಗೆ ನಾವು ಯಾವಾಗಲೂ ‘ಹೋಟೆಲ್‌ವಾಲೇ’. ಹಬ್ಬ ಬಂದರೆ ಅಪ್ಪನ ಕೈಯಲ್ಲಿ ಚಹಾ ತರಿಸುತ್ತಿದ್ದರು, ಹಬ್ಬದ ಸಭೆಗೆ ಕರೆಯುತ್ತಿರಲಿಲ್ಲ. ಅಪ್ಪ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಸಭೆ ನಡೆಯುವ ಸಂಜೆ ಮಾತ್ರ ಗ್ಯಾಲರಿಯ ಕಂಬಕ್ಕೆ ಒರಗಿ, ಕೆಳಗೆ ಅಂಗಳದಲ್ಲಿ ಸೇರಿದ ಗಂಡಸರನ್ನು ನೋಡುತ್ತಾ ನಿಲ್ಲುತ್ತಿದ್ದರು.

ಚಂದ್ರನ ಸುದ್ದಿ ನಮಗೆ ಬಂದದ್ದು ಹೋಟೆಲಿನ ರೇಡಿಯೋದಿಂದ. ಆಗ ಇಲ್ಲಿ ಟೀವಿ ಇರಲಿಲ್ಲ. ಅಪ್ಪ ರೇಡಿಯೋವನ್ನು ಗಲ್ಲಾದ ಮೇಲೆ ಎತ್ತಿಟ್ಟಿದ್ದರು. ಆಫೀಸಿಗೆ ಹೊರಟವರು ಲೋಕಲ್ ತಪ್ಪಿದರೂ ಲೆಕ್ಕಿಸದೆ, ಬಾಗಿಲಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಆತು ಕೇಳಿದರು. ಬಿಸಿ ಸಾಂಬಾರಿನ ವಾಸನೆ, ನೆನೆದ ಕೊಡೆಗಳ ವಾಸನೆ, ನಡುವೆ ಗೊರಗೊರ ಎನ್ನುವ ರೇಡಿಯೋ. ಎಲ್ಲರೂ ಮಾತಾಡಿದ್ದು ಇಳಿದ ಮನುಷ್ಯರ ಬಗ್ಗೆ. ನನ್ನ ಅಕ್ಕ ಮಾತ್ರ ಬೇರೆ.

ಅಕ್ಕ ನನಗಿಂತ ತುಂಬಾ ದೊಡ್ಡವಳು, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಹೋಟೆಲಿಗೆ ಬರುತ್ತಿದ್ದ ಇಂಗ್ಲಿಷ್ ಪೇಪರನ್ನು ಗಿರಾಕಿಗಳೆಲ್ಲ ಓದಿ ಮುಗಿಸಿದ ಮೇಲೆ ಮನೆಗೆ ತಂದು, ಚಟ್ನಿಯ ಕಲೆಗಳ ನಡುವಿನ ಅಕ್ಷರವನ್ನೂ ಬಿಡದೆ ಓದುತ್ತಿದ್ದಳು. ಆ ನೌಕೆಯಲ್ಲಿ ಒಂದು ಕಂಪ್ಯೂಟರ್ ಇದೆಯೆಂದು ಅವಳೇ ನನಗೆ ಹೇಳಿದ್ದು. “ಒಂದು ಸೂಟ್‌ಕೇಸಿನಷ್ಟು ದೊಡ್ಡದು ಅಷ್ಟೆ. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ. ಗುಂಡಿ ಒತ್ತಿ ಅಂಕಿ ಕೊಟ್ಟರೆ ಅಂಕಿಯಲ್ಲೇ ಉತ್ತರ ಕೊಡ್ತದೆ. ಎಷ್ಟು ಎತ್ತರ ಉಂಟು, ಎಷ್ಟು ಜೋರಾಗಿ ಬೀಳ್ತಾ ಇದ್ದೇವೆ, ಎಲ್ಲ ಅದೇ ಲೆಕ್ಕ ಹಾಕಿ ಹೇಳುವುದು,” ಎಂದಳು. ಕಂಪ್ಯೂಟರ್ ಎಂಬ ಮಾತನ್ನು ನಾನು ಕೇಳಿದ್ದೇ ಆಗ. ಲೆಕ್ಕ ಮಾಡುವ ಒಂದು ಪೆಟ್ಟಿಗೆ ಮನುಷ್ಯರ ಕೈಹಿಡಿದು ಚಂದ್ರನವರೆಗೆ ನಡೆಸಿಕೊಂಡು ಹೋಯಿತು ಎಂಬುದು ನನಗೆ ದೇವರ ಕಥೆಯಷ್ಟೇ ನಿಜ ಅನ್ನಿಸಿತು.

ಮಳೆಗಾಲದ ಕೊನೆಗೆ ಗಣಪತಿ ಬಂತು. ನಮ್ಮ ಕಡೆ ಗಣಪತಿಯ ಎದುರು ಪ್ರತಿವರ್ಷ ಒಂದು ದೃಶ್ಯ ಕಟ್ಟುತ್ತಾರೆ, ಅದಕ್ಕೆ ದೇಖಾವಾ ಎನ್ನುತ್ತಾರೆ. ಆ ವರ್ಷ ಯಾವ ಮಂಡಳಿಗೂ ಬೇರೆ ಯೋಚನೆಯೇ ಹೊಳೆಯಲಿಲ್ಲ. ಡೊಂಬಿವಲಿಯಲ್ಲಿ ಚಂದ್ರ, ಠಾಣೆಯಲ್ಲಿ ಚಂದ್ರ, ಕಲ್ಯಾಣದಲ್ಲಂತೂ ಗಲ್ಲಿಗೊಂದು ಚಂದ್ರ. ನಮ್ಮ ಚಾಳಿನ ಚಂದ್ರ ಗೋಣಿತಾಟುಗಳದ್ದು. ಸುಣ್ಣ, ಬೂದಿ, ಮಣ್ಣು ಕಲಸಿ ಗೋಣಿಯ ಮೇಲೆ ಮೆತ್ತಿ, ಹಸಿಯಿರುವಾಗಲೇ ಪಾತ್ರೆಗಳನ್ನು ಒತ್ತಿ ಕುಳಿಗಳನ್ನು ಮಾಡಿದರು. ಆ ಪಾತ್ರೆಗಳೆಲ್ಲ ಅಪ್ಪ ಹೋಟೆಲಿನಿಂದ ತಂದುಕೊಟ್ಟವು. ದೊಡ್ಡ ಕುಳಿ ಅನ್ನದ ತಪ್ಪಲೆಯದು, ಚಿಕ್ಕ ಕುಳಿಗಳು ಸಾಂಬಾರಿನ ಬಟ್ಟಲಿನವು.

ನೌಕೆಯನ್ನು ಬಿದಿರಿನಲ್ಲಿ ಕಟ್ಟಿ ಬೆಳ್ಳಿ ಬಣ್ಣದ ಕಾಗದ ಸುತ್ತಿದರು. ಕೆಳಗೆ ಬೆಂಕಿ ಹೊಗೆಯಂತೆ ಕಾಣಲೆಂದು ಹತ್ತಿಯ ಮುದ್ದೆಗಳನ್ನು ಅಂಟಿಸಿದರು. ಒಳಗೆ ಒಂದು ಬುಟ್ಟಿ. ಮಂಡಳಿಯ ಕಾರ್ಯದರ್ಶಿ ಕಾಕಾನ ಪುಟ್ಟ ಮಗ, ಇನ್ನೂ ಶಾಲೆಗೆ ಸೇರದವನು, ಬಿಳಿ ಅಂಗಿ ತೊಟ್ಟು ಅದರಲ್ಲಿ ಕೂರುವ ಚಂದ್ರಯಾತ್ರಿ. ಮೇಲಿನ ಬಿದಿರಿಗೆ ಕಟ್ಟಿದ ರಾಟೆಯ ಮೂಲಕ ಹಗ್ಗ ಪರದೆಯ ಹಿಂದಕ್ಕೆ ಹೋಗುತ್ತಿತ್ತು. ಅಲ್ಲಿ ರೈಲ್ವೆ ಷೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ, ಗಟ್ಟಿ ತೋಳಿನ ಒಬ್ಬ ಕಾಕಾ ಹಗ್ಗ ಹಿಡಿದು ನಿಲ್ಲುತ್ತಿದ್ದರು. ನಾವು ಅವರನ್ನು ಹಗ್ಗದ ಕಾಕಾ ಎಂದೇ ಕರೆದೆವು. ಪರದೆಯ ಹಿಂದಿನಿಂದ ಅವರಿಗೆ ನೌಕೆಯೂ ಕಾಣದು, ಚಂದ್ರನೂ ಕಾಣದು. ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಯಾರಾದರೂ ಕೂಗಿ ಹೇಳಬೇಕಿತ್ತು.

ಉಪಾಯ ಹೇಳಿದವಳು ಅಕ್ಕ. “ನಿಜವಾದ ನೌಕೆಯಲ್ಲಿ ಅದನ್ನು ಹೇಳಿದ್ದು ಕಂಪ್ಯೂಟರ್. ನಾವೂ ಒಂದು ಕಂಪ್ಯೂಟರ್ ಇಡೋಣ,” ಎಂದಳು. ಅಪ್ಪ ಹೋಟೆಲಿನಿಂದ ಚಹಾಪುಡಿಯ ಎರಡು ದೊಡ್ಡ ಪೆಟ್ಟಿಗೆಗಳನ್ನು ತಂದರು. ಒಂದರ ಮೇಲೊಂದು ಇಟ್ಟು, ನಡುವಿನ ಹಲಗೆ ತೆಗೆದು, ಹಿಂದೆ ಬಾಗಿಲು, ಬದಿಗೆ ನೋಡಲು ದುಂಡಗಿನ ತೂತು, ಮುಂದೆ ಮಾತಾಡಲು ತಗಡಿನ ಲಾಳಿಕೆ ಮಾಡಿದರು. ಅಕ್ಕ ಬಣ್ಣದ ಕಾಗದದಿಂದ ಗುಂಡಿಗಳನ್ನು ಅಂಟಿಸಿ, ಮೇಲೆ ನಾಗರಿ ಅಕ್ಷರದಲ್ಲಿ ‘ಕಂಪ್ಯೂಟರ್’ ಎಂದು ಬರೆದಳು.

ಒಳಗೆ ಕೂರಲು ನನ್ನನ್ನು ಆರಿಸಿದ್ದಕ್ಕೆ ಕಾರಣ ಮಗ್ಗಿ. ಅಪ್ಪ ದಿನಾ ಸಂಜೆ ಕನ್ನಡದಲ್ಲಿ ಮಗ್ಗಿ ಹೇಳಿಸುತ್ತಿದ್ದರು, ಶಾಲೆಯಲ್ಲಿ ಅದೇ ಮಗ್ಗಿ ಮರಾಠಿಯಲ್ಲಿ. ಎರಡೂ ಸೇರಿ ನನ್ನ ತಲೆಯಲ್ಲಿ ಭದ್ರವಾಗಿ ಕೂತಿದ್ದವು. ಯಾರಾದರೂ ಮರಾಠಿಯಲ್ಲಿ ಲೆಕ್ಕ ಕೇಳಿದರೆ ಒಳಗೊಳಗೇ ಕನ್ನಡದಲ್ಲಿ ಮಾಡಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಜನ ಒಬ್ಬೊಬ್ಬರಾಗಿ ಲೆಕ್ಕ ಕೇಳುವುದು, ಪೆಟ್ಟಿಗೆ ಉತ್ತರ ಕೊಡುವುದು, ಆಮೇಲೆ ನೌಕೆ ಇಳಿಯುವುದು. ಹೀಗೆ ಆಟದ ಕ್ರಮ. ಇಳಿಸುವಾಗ ನಾನು ತೂತಿನಿಂದ ನೋಡುತ್ತಾ ‘ಸೋಡಾ’ ಎಂದರೆ ಹಗ್ಗದ ಕಾಕಾ ಹಗ್ಗ ಬಿಡಬೇಕು, ‘ಹಳೂ’ ಎಂದರೆ ನಿಧಾನ ಮಾಡಬೇಕು, ‘ಥಾಂಬಾ’ ಎಂದರೆ ನಿಲ್ಲಿಸಬೇಕು.

ಮೊದಲ ಸಂಜೆಗಳು ಚೆನ್ನಾಗಿ ನಡೆದವು. ಅಕ್ಕ ಪೆಟ್ಟಿಗೆಯ ಪಕ್ಕ ನಿಂತು ಒಂದು ಸಲಕ್ಕೆ ಒಂದೇ ಪ್ರಶ್ನೆ ಬಿಡುತ್ತಿದ್ದಳು. ಲಾಳಿಕೆಯಿಂದ ನನ್ನ ದನಿ ದೊಡ್ಡದಾಗಿ ಹೊರಬಂದರೆ ಚಿಕ್ಕ ಮಕ್ಕಳು ಬೆದರಿ ತಾಯಿಯ ಸೆರಗು ಹಿಡಿಯುತ್ತಿದ್ದರು. ಬೇರೆ ಗಲ್ಲಿಗಳಿಂದ, ಉಲ್ಹಾಸನಗರದಿಂದ ಕೂಡ ಜನ ಬಂದರು. ಕಾರ್ಯದರ್ಶಿ ಕಾಕಾ ಒಂದು ಸಂಜೆ ಎಲ್ಲರೆದುರು ಅಪ್ಪನ ಹೆಗಲ ಮೇಲೆ ಕೈಹಾಕಿ, “ಅಣ್ಣಾ, ನಿಮ್ಮ ಮಗಳಿಂದ ನಮ್ಮ ಮಂಡಳಕ್ಕೆ ಹೆಸರು ಬಂತು,” ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಆ ಮಾತನ್ನು ಅಮ್ಮನಿಗೆ ಎರಡು ಸಲ ಹೇಳಿದರು. ಹೋಟೆಲಿನಲ್ಲೂ ಗಿರಾಕಿಗಳಿಗೆಲ್ಲ ಹೇಳಿದ್ದರಂತೆ.

ಹಬ್ಬದ ನಡುವೆ ಒಂದು ದಿನ ಮುಖ್ಯ ಅತಿಥಿ ಬರುವವರಿದ್ದರು. ಊರಿನ ದೊಡ್ಡ ಮನುಷ್ಯರು. ಅಮ್ಮ ನನಗೆ ಹೊಸ ಫ್ರಾಕ್ ತೊಡಿಸಿದಳು, ತಿಳಿ ಹಳದಿ ಬಣ್ಣದ್ದು. ಪೆಟ್ಟಿಗೆಯೊಳಗೆ ಯಾರಿಗೂ ಕಾಣುವುದಿಲ್ಲ ಎಂದರೂ ಕೇಳಲಿಲ್ಲ. ಅತಿಥಿ ಯಾವ ಗಳಿಗೆಯಲ್ಲಾದರೂ ಬರಬಹುದೆಂದು ಕಾರ್ಯದರ್ಶಿ ಕಾಕಾ ನನ್ನನ್ನು ಬೇಗನೇ ಒಳಗೆ ಕೂರಿಸಿ ಹಿಂದಿನ ಬಾಗಿಲಿಗೆ ಚಿಲಕ ಹಾಕಿದರು. ಒಳಗೆ ಚಹಾಪುಡಿಯ ಒಣ ಘಾಟು. ಮೇಲೆ ತಗಡಿನ ಛಾವಣಿಯ ಮೇಲೆ ಮಳೆ ಹನಿಯುವ ಸದ್ದು. ಕಾದೆ. ಕಾಲು ಜೋಮು ಹಿಡಿಯಿತು. ಅತಿಥಿ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ನನಗೆ ಒಂದಕ್ಕೆ ಹೋಗಬೇಕು ಅನ್ನಿಸಿತು. ಲಾಳಿಕೆಯಿಂದ ಮೆಲ್ಲಗೆ ಅಕ್ಕನನ್ನು ಕರೆದೆ. ಎದುರಿಗೆ ಆಗಲೇ ಜನ ತುಂಬಿದ್ದರು, ಲೌಡ್‌ಸ್ಪೀಕರಿನಲ್ಲಿ ಆರತಿ ಹಾಡು, ಅಕ್ಕನಿಗೆ ಕೇಳಲಿಲ್ಲ. ಜೋರಾಗಿ ಕರೆದರೆ ಎಲ್ಲರಿಗೂ ಕೇಳುತ್ತದೆ. ಕಾಲನ್ನು ಒತ್ತಿಕೊಂಡು, ಮನಸ್ಸಿನಲ್ಲಿ ಮಗ್ಗಿ ಹೇಳುತ್ತಾ ಕೂತೆ.

ಕೊನೆಗೂ ಅತಿಥಿ ಬಂದರು. ಹಾರ, ಚಪ್ಪಾಳೆ, ಮೈಕಿನ ಕೀರಲು. ಅವರಿಗೆ ಚಂದ್ರ ಚೆನ್ನಾಗಿ ಕಾಣಲೆಂದು ದೀಪದ ಹುಡುಗ ಒಂದು ದೊಡ್ಡ ಫೋಕಸ್ ಬಲ್ಬನ್ನು ತಂದು, ಜನರ ಕಣ್ಣಿಗೆ ಬೀಳದ ಹಾಗೆ ಚಂದ್ರನ ದಿಬ್ಬದ ಹಿಂದೆ ಇಟ್ಟು, ಮೈಕ್ ಸರಿಮಾಡಲು ಓಡಿದ. ಕಾರ್ಯದರ್ಶಿ ಕಾಕಾ ಅಕ್ಕನನ್ನು ಪಕ್ಕಕ್ಕೆ ಸರಿಸಿ ತಾವೇ ಮೈಕ್ ಹಿಡಿದರು. “ನಮ್ಮ ಕಂಪ್ಯೂಟರಿಗೆ ಯಾರು ಬೇಕಾದರೂ, ಏನು ಬೇಕಾದರೂ ಕೇಳಿ! ನೌಕೆ ಇಳಿಯುತ್ತಿರುವಾಗಲೇ ಉತ್ತರ ಕೊಡುತ್ತದೆ!” ಎಂದು ಸಾರಿದರು. ಹಾಗೆ ನಾವು ಯಾವತ್ತೂ ಮಾಡಿರಲಿಲ್ಲ.

ಒಮ್ಮೆಗೇ ಹತ್ತಾರು ಬಾಯಿ. ಒಬ್ಬರು ಕೂಡಿಸು ಎಂದರು, ಒಬ್ಬರು ಭಾಗಿಸು ಎಂದರು, ಹುಡುಗರು ಬೇಕೆಂದೇ ಉದ್ದುದ್ದ ಲೆಕ್ಕ ಕೂಗಿದರು. ನಾನು ‘ಸೋಡಾ’ ಎಂದೆ, ನೌಕೆ ಇಳಿಯತೊಡಗಿತು. ಒಂದು ಲೆಕ್ಕಕ್ಕೆ ಉತ್ತರ ಕೊಟ್ಟೆ, ಇನ್ನೊಂದಕ್ಕೆ ಕೊಟ್ಟೆ. ಆಗ ಅತಿಥಿಗಳ ದನಿ ಮೈಕಿನಲ್ಲಿ ಬಂತು. ಎಲ್ಲರೂ ಸುಮ್ಮನಾದರು. ಹದಿನೇಳು ಹತ್ತೊಂಬತ್ತಲಿ ಎಷ್ಟು ಎಂದು ಅವರು ಕೇಳಿದ್ದು.

ಉತ್ತರ ನನಗೆ ಗೊತ್ತಿತ್ತು. ಬಾಯಿಗೆ ಬಂದೂ ಬಿಟ್ಟಿತ್ತು. ಅಷ್ಟರಲ್ಲಿ ತೂತಿನಿಂದ ನನ್ನ ಕಣ್ಣಿಗೆ ಬಿದ್ದದ್ದು ಆ ಬಲ್ಬು. ನೌಕೆ ನೇರ ಅದರ ಮೇಲೆಯೇ ಇಳಿಯುತ್ತಿತ್ತು. ಕೆಳಗೆ ನೇತಾಡುವ ಹತ್ತಿ ಬಲ್ಬಿಗೆ ಇನ್ನೇನು ತಾಕುವುದರಲ್ಲಿತ್ತು. ಬುಟ್ಟಿಯಲ್ಲಿ ಪುಟ್ಟ ಹುಡುಗ ಜನರಿಗೆ ಕೈಬೀಸುತ್ತಿದ್ದ.

ಅತಿಥಿಯ ಲೆಕ್ಕ, ಉಳಿದವರ ಲೆಕ್ಕ, ಎಲ್ಲ ನನ್ನ ತಲೆಯಿಂದ ಬಿದ್ದುಹೋದವು. “ಥಾಂಬಾ! ಥಾಂಬಾ!” ಎಂದು ಚೀರಿದೆ. ನೌಕೆ ನಿಂತಿತು, ಆದರೆ ಹತ್ತಿ ಬಲ್ಬಿನ ಮೇಲೆಯೇ ತೂಗುತ್ತಿತ್ತು. “ವರ್ ಘ್ಯಾ! ವರ್!” ಎಂದೆ, ಮೇಲೆ ಎಳೆಯಿರಿ ಎಂದು. ಹಗ್ಗದ ಕಾಕಾ ಏನೂ ಕೇಳದೆ, ಮರುಮಾತಾಡದೆ ಎಳೆದರು. ಚಂದ್ರನ ಹತ್ತಿರ ಹೋಗಿದ್ದ ನೌಕೆ ಸರಸರನೆ ಮೇಲೇರಿ ಮಂಟಪದ ಛಾವಣಿ ಸೇರಿತು.

ಎದುರಿನವರಿಗೆ ಬಲ್ಬು ಕಾಣುತ್ತಿರಲಿಲ್ಲ. ಅವರಿಗೆ ಕಂಡದ್ದು, ದೊಡ್ಡ ಮನುಷ್ಯರ ಪ್ರಶ್ನೆಗೆ ಉತ್ತರ ಕೊಡಲಾಗದೆ ಚೀರಿದ ಪೆಟ್ಟಿಗೆ, ಚಂದ್ರನಿಂದ ವಾಪಸ್ ಓಡಿದ ನೌಕೆ. ಒಬ್ಬ ಹುಡುಗ “ಕಂಪ್ಯೂಟರ್ ಘಾಬರ್‌ಲಾ!” ಎಂದು ಕೂಗಿದ, ಕಂಪ್ಯೂಟರ್ ಹೆದರಿತು ಎಂದು. ನಗು ಒಂದು ಮೂಲೆಯಿಂದ ಶುರುವಾಗಿ ಅಂಗಳವೆಲ್ಲ ಹಬ್ಬಿತು. ಕಾರ್ಯದರ್ಶಿ ಕಾಕಾ ಸಿಟ್ಟಿನಿಂದ ಬಂದು ಪೆಟ್ಟಿಗೆಯ ಹಿಂಬದಿಯನ್ನು ಜನರ ಕಡೆಗೆ ತಿರುಗಿಸಿ ಬಾಗಿಲು ತೆಗೆದರು. ಅಷ್ಟು ಹೊತ್ತು ತಡೆದುಕೊಂಡಿದ್ದದ್ದು ಚೀರುವಾಗಲೇ ನನ್ನ ಕೈಮೀರಿತ್ತು. ಹಳದಿ ಫ್ರಾಕ್ ಸೊಂಟದಿಂದ ಕೆಳಗೆ ಒದ್ದೆ. ಪೆಟ್ಟಿಗೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

ಆಮೇಲೆ ಬಂದ ನಗುವಿನ ಮುಂದೆ ಮೊದಲಿನ ನಗು ಏನೂ ಅಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಶಾಲೆಯ ಹುಡುಗಿಯರು ನಕ್ಕರು. ನಾನು ಕಣ್ಣಲ್ಲೇ ಅಪ್ಪನನ್ನು ಹುಡುಕಿದೆ. ಅಪ್ಪ ಅತಿಥಿಗಳ ಕುರ್ಚಿಯ ಹಿಂದೆ, ಚಹಾದ ಟ್ರೇ ಹಿಡಿದು, ಮಂಡಳಿಯ ಗಂಡಸರ ಸಾಲಿನಲ್ಲಿ ನಿಂತಿದ್ದರು. ಅವರೂ ನಗುತ್ತಿದ್ದರು.

ಅದೊಂದನ್ನು ನಾನು ನೋಡಬಾರದಿತ್ತು. ಬೇರೆ ಯಾರ ನಗುವೂ ನನಗೆ ಈಗ ನೆನಪಿಲ್ಲ. ಅಪ್ಪನ ನಗು ಮಾತ್ರ ಹಲ್ಲು ಹಲ್ಲಾಗಿ ನೆನಪಿದೆ. ಅಕ್ಕ ಓಡಿಬಂದು ತನ್ನ ಓಢಣಿಯನ್ನು ನನ್ನ ಸೊಂಟಕ್ಕೆ ಸುತ್ತಿ, ಜನರ ನಡುವಿನಿಂದ ಮೆಟ್ಟಿಲು ಹತ್ತಿಸಿ ಮನೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನಾನು ನೆಲ ಬಿಟ್ಟು ಬೇರೇನೂ ನೋಡಲಿಲ್ಲ.

ಮನೆಯಲ್ಲಿ ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಸಿನೀರಿನಲ್ಲಿ ಕಾಲು ತೊಳೆದು, ಬೇರೆ ಬಟ್ಟೆ ಹಾಕಿ, ಗಂಜಿ ಕೊಟ್ಟಳು. ಬಲ್ಬಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತೇ ಹೊರತು ಮಾತು ಬರಲಿಲ್ಲ. ಹೇಳಿದರೂ ನೆಪ ಹೇಳುತ್ತಿದ್ದಾಳೆ ಅಂದುಕೊಂಡಾರು ಅನ್ನಿಸಿತು. ಅಪ್ಪ ಬಂದಾಗ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮರುದಿನ ಅಮ್ಮ ಯಾರೂ ಏಳುವ ಮೊದಲೇ ನಲ್ಲಿಗೆ ಹೋಗಿ ಆ ಫ್ರಾಕ್ ಒಗೆದು ತಂದಳು. ಗ್ಯಾಲರಿಯ ಹಗ್ಗದಲ್ಲಿ ತನ್ನ ಸೀರೆಯ ಅಡಿಯಲ್ಲಿ, ಹೊರಗಿನವರಿಗೆ ಕಾಣದಂತೆ ಅದನ್ನು ಒಣಹಾಕಿದಳು. ಅಮ್ಮನಿಗೂ ನಾಚಿಕೆಯಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ನಾನು ಶಾಲೆಗೆ ಹೋಗಲಿಲ್ಲ. ಹೊಟ್ಟೆನೋವು ಎಂದೆ. ಚಾಪೆಯ ಮೇಲೆ ಕೂತು, ಗ್ಯಾಲರಿಯಲ್ಲಿ ಯಾರ ಚಪ್ಪಲಿಯ ಸದ್ದು ಕೇಳಿದರೂ ನನ್ನನ್ನು ನೋಡಿ ನಗಲು ಬಂದವರೇ ಅಂದುಕೊಳ್ಳುತ್ತಿದ್ದೆ. ಮಧ್ಯಾಹ್ನ, ಹೋಟೆಲಿನಲ್ಲಿ ಊಟದ ಗಿರಾಕಿಗಳ ಗದ್ದಲ ಇರುವ ಹೊತ್ತಿಗೆ, ಬಾಗಿಲಲ್ಲಿ ಅಪ್ಪ. ಆ ಹೊತ್ತಿಗೆ ಅಪ್ಪ ಮನೆಗೆ ಬಂದದ್ದೇ ಇಲ್ಲ. ಚಪ್ಪಲಿ ಕಳಚಿ, ಅಂಗಿಯನ್ನೂ ಬಿಚ್ಚದೆ, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಪ್ಪನ ಮೈಯಿಂದ ಕಾಫಿಯ, ಎಣ್ಣೆಯ ವಾಸನೆ ಬರುತ್ತಿತ್ತು. ಕೈಯ ಉಗುರುಗಳನ್ನು ನೋಡುತ್ತಿದ್ದರು.

ಆಮೇಲೆ ಹೇಳಿದರು. ಹಗ್ಗದ ಕಾಕಾ ರಾತ್ರಿಪಾಳಿ ಮುಗಿಸಿ ಹೋಟೆಲಿಗೆ ಚಹಾ ಕುಡಿಯಲು ಬಂದಿದ್ದರಂತೆ. ಹಿಂದಿನ ಸಂಜೆ ನನ್ನ ಕೂಗು ಕೇಳಿ ನೌಕೆಯನ್ನು ಮೇಲೆಳೆದು, ಹಗ್ಗವನ್ನು ಕಂಬಕ್ಕೆ ಬಿಗಿದು, ಪರದೆ ಸರಿಸಿ ನೋಡಿದ್ದರಂತೆ. ದಿಬ್ಬದ ಹಿಂದೆ ಬಲ್ಬು ಉರಿಯುತ್ತಿತ್ತು, ಹತ್ತಿಯ ಒಂದು ಮುದ್ದೆ ಆಗಲೇ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿತ್ತು. ಅವರೇ ಬಲ್ಬನ್ನು ತೆಗೆದು, ಹಿಂದಿನಿಂದ ಹುಡುಗನನ್ನು ಇಳಿಸಿ, ಪಾಳಿಗೆ ಓಡಿದ್ದರು. ಮುಂದೆ ಏನಾಯಿತೆಂಬುದು ಅವರಿಗೆ ಗೊತ್ತೇ ಇರಲಿಲ್ಲ. “ಶೇಟ್, ನಿಮ್ಮ ಪೋರಿಗೆ ಇವತ್ತು ಏನಾದರೂ ಸಿಹಿ ಕೊಡಿ, ಆ ಮಗುವನ್ನು ಉಳಿಸಿದಳು,” ಎಂದು ಹೇಳಲೆಂದೇ ಬಂದಿದ್ದರಂತೆ.

“ನಿನಗೆ ಹೇಳ್ಲಿಕ್ಕೆ ಆಗಲಿಲ್ವಾ ಮಗಾ?” ಎಂದರು ಅಪ್ಪ.

ನಾನು ಇಲ್ಲವೆಂದು ತಲೆಯಾಡಿಸಿದೆ.

“ಹೇಗೆ ಹೇಳ್ತಿ ನೀನು. ನಾನು ನಗ್ತಾ ಇದ್ದೆ ಅಲ್ವಾ.” ಅಪ್ಪ ನೆಲದ ಮೇಲೆ ಕೈ ಊರಿದರು. “ಅವರೆಲ್ಲ ನಕ್ಕರು. ಅವರ ಸಾಲಲ್ಲಿ ನಿಂತಿದ್ದೆ, ನಗದಿದ್ರೆ ನಾನೊಬ್ಬ ಬೇರೆ ಆಗ್ತಿದ್ದೆ. ಅದಕ್ಕೆ ನಕ್ಕೆ. ನನ್ನ ಮಗು ಅಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತಿದೆ, ನಾನು ನಗ್ತಾ ಇದ್ದೇನೆ. ಎಂಥ ಅಪ್ಪ ನಾನು.”

ದೊಡ್ಡವರಿಗೂ ಇಷ್ಟು ನಾಚಿಕೆ ಆಗಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಪ್ಪನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ನೆಲದ ಮೇಲಿದ್ದ ಅವರ ಕೈಯ ಮೇಲೆ ಕೈ ಇಟ್ಟೆ. ಬಿಸಿ ಹಂಡೆ ಮುಟ್ಟಿ ಮುಟ್ಟಿ ಅವರ ಬೆರಳ ತುದಿಗಳು ಒರಟಾಗಿದ್ದವು.

ಆ ಸಂಜೆ ಆರತಿಯ ಮೊದಲು ಅಪ್ಪ ನನ್ನನ್ನೂ ಅಕ್ಕನನ್ನೂ ಕೆಳಗೆ ಕರೆದುಕೊಂಡು ಹೋದರು. ನಾನು ಬರುವುದಿಲ್ಲವೆಂದು ಎಷ್ಟು ಹಟ ಮಾಡಿದರೂ ಕೇಳಲಿಲ್ಲ. ಅಂಗಳದ ತುಂಬ ಜನ. ಅಪ್ಪ ನೇರ ಮಂಟಪಕ್ಕೆ ಹೋಗಿ, ಕಾರ್ಯದರ್ಶಿ ಕಾಕಾನ ಮುಂದೆ ನಿಂತರು. ಅಪ್ಪನ ಮರಾಠಿ ಗಲ್ಲಾದ ಮರಾಠಿ. ಇಡ್ಲಿ, ವಡೆ, ಚಿಲ್ಲರೆಯ ಆಚೆಗೆ ಅದು ಹೋಗುತ್ತಿರಲಿಲ್ಲ. ಜನರ ಮುಂದೆ ಮಾತಾಡಿದವರೇ ಅಲ್ಲ.

“ಮಾಝಿ ಮುಲ್ಗಿ ಚುಕ್ಲಿ ನಾಹೀ,” ಎಂದರು ಗಟ್ಟಿಯಾಗಿ. “ಮೀ ಹಸ್ಲೋ. ಮೀ ಚುಕ್ಲೋ.”

ನನ್ನ ಮಗಳು ತಪ್ಪು ಮಾಡಲಿಲ್ಲ, ನಕ್ಕವನು ನಾನು, ತಪ್ಪು ಮಾಡಿದವನು ನಾನು ಎಂದು. ಅಷ್ಟೇ ಹೇಳಿ ನಿಂತರು. ಮುಂದಿನ ಮಾತು ಅವರಿಗೆ ಸಿಗಲಿಲ್ಲ. ಆಗ ಹಗ್ಗದ ಕಾಕಾ ಪರದೆಯ ಹಿಂದಿನಿಂದ ಆ ಸುಟ್ಟ ಹತ್ತಿಯನ್ನು ತಂದು ಕಾರ್ಯದರ್ಶಿ ಕಾಕಾನ ಕೈಯಲ್ಲಿಟ್ಟು ನಡೆದದ್ದನ್ನು ಹೇಳಿದರು. ಕಾರ್ಯದರ್ಶಿ ಕಾಕಾ ಹತ್ತಿಯನ್ನು ನೋಡಿದರು, ತಮ್ಮ ಮಗನನ್ನು ನೋಡಿದರು, ಅಪ್ಪನನ್ನು ನೋಡಲು ಅವರಿಗೆ ಆಗಲಿಲ್ಲ. ಮೈಕಿನಲ್ಲಿ ಏನಾದರೂ ಹೇಳುತ್ತಾರೆಂದು ಅಕ್ಕ ಕಾದಳು. ಏನೂ ಹೇಳಲಿಲ್ಲ. ಆರತಿಯ ತಟ್ಟೆಯನ್ನು ಮಾತ್ರ ಅಪ್ಪನ ಕೈಗೆ ಕೊಟ್ಟು, ಬೆಳಗಿ ಎಂದು ಸನ್ನೆ ಮಾಡಿದರು. ನಮ್ಮ ಚಾಳಿನಲ್ಲಿ ಅಪ್ಪ ಆರತಿ ಬೆಳಗಿದ್ದು ಅದೇ ಮೊದಲು.

ಇಲ್ಲಿಗೆ ನನ್ನ ನಾಚಿಕೆ ಮುಗಿಯಿತು ಎಂದುಕೊಂಡಿರಾ? ಇಲ್ಲ, ಇನ್ನೂ ಹೆಚ್ಚಾಯಿತು. ಅಪ್ಪ ಮಾತಾಡುವಾಗ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನೇ. ಹಿಂದಿನ ದಿನ ಬಾರದಿದ್ದವರೂ ಏನಾಗಿತ್ತೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡರು. ನಾನು ಅಕ್ಕನ ಬೆನ್ನ ಹಿಂದೆ ಮುಖ ಹುದುಗಿಸಿ, ಅಪ್ಪ ಸುಮ್ಮನಿದ್ದಿದ್ದರೆ ಸಾಕಿತ್ತು ಎಂದು ಹಲ್ಲು ಕಚ್ಚಿದೆ. ಆ ಪುಟ್ಟ ಹುಡುಗನ ತಾಯಿ ಮರುದಿನ ಮೋದಕದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ನಾನು ಮಂಚದ ಕೆಳಗೆ ಸೇರಿ, ಅವರು ಹೋಗುವವರೆಗೆ ಹೊರಬರಲಿಲ್ಲ. ಮತ್ತೆ ಆ ಪೆಟ್ಟಿಗೆಯಲ್ಲಿ ಕೂರಲೂ ಇಲ್ಲ. ಉಳಿದ ದಿನ ಒಬ್ಬ ಕಾಲೇಜು ಹುಡುಗ ಎದುರಿಗೆ ನಿಂತು ಸೀಟಿ ಊದಿ ನೌಕೆ ಇಳಿಸಿದ. ಶಾಲೆಯಲ್ಲಿ ಕೆಲವರು ನನ್ನನ್ನು ‘ಕಂಪ್ಯೂಟರ್’ ಎಂದೇ ಕರೆದರು. ನಾನು ಒಳ್ಳೆಯ ಕೆಲಸ ಮಾಡಿದೆ ಎಂದು ತಲೆಗೆ ಗೊತ್ತಿತ್ತು. ಆದರೂ ಆ ಹೆಸರು ಕೇಳಿದರೆ ಕಿವಿ ಬಿಸಿಯಾಗುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ, ಡೊಂಬಿವಲಿಯಿಂದ ಠಾಣೆಯ ಆಫೀಸಿಗೆ ಓಡಾಡುತ್ತಿದ್ದಾಗ, ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನಿಂತು ಒಂದು ಪುಸ್ತಕ ಓದುತ್ತಿದ್ದೆ. ಆ ನಿಜವಾದ ಚಂದ್ರನೌಕೆಯ ಕಂಪ್ಯೂಟರಿನ ಕಥೆ ಅದರಲ್ಲಿತ್ತು. ಅದರ ನೆನಪಿನ ಶಕ್ತಿಯನ್ನು ಕಾರ್ಖಾನೆಯ ಹೆಂಗಸರು ಸೂಜಿಯಂಥ ಸಲಕರಣೆ ಹಿಡಿದು, ಸಣ್ಣ ಸಣ್ಣ ಉಂಗುರಗಳ ಒಳಗೆ ಹೊರಗೆ ತಂತಿ ಹಾಯಿಸಿ ನೇಯ್ದಿದ್ದರಂತೆ. ಮತ್ತೆ ಇದು: ನೌಕೆ ಚಂದ್ರನ ಮೇಲೆ ಇಳಿಯುತ್ತಿರುವಾಗಲೇ ಆ ಕಂಪ್ಯೂಟರಿನ ಮೇಲೆ ಬೇಡದ ಕೆಲಸವೆಲ್ಲ ಬಂದು ಬಿದ್ದು, ಇಷ್ಟು ನನ್ನಿಂದಾಗದು ಎಂದು ಅದು ಎಚ್ಚರಿಕೆಯ ದೀಪ ಹೊತ್ತಿಸಿತಂತೆ. ಒಳಗಿದ್ದವರ, ಭೂಮಿಯ ಮೇಲೆ ಕಾಯುತ್ತಿದ್ದವರ ಎದೆ ಹೊಡೆದುಕೊಂಡಿತು. ಆದರೆ ಹಾಗಾದಾಗ ಏನು ಮಾಡಬೇಕೆಂದು ಅದಕ್ಕೆ ಮೊದಲೇ ಕಲಿಸಿದ್ದರು. ಸಣ್ಣ ಕೆಲಸಗಳನ್ನು ಬಿಟ್ಟುಬಿಟ್ಟು, ನೌಕೆ ಬೀಳದಂತೆ ನೋಡಿಕೊಳ್ಳುವ ದೊಡ್ಡ ಕೆಲಸವನ್ನು ಮಾತ್ರ ಅದು ಹಿಡಿದುಕೊಂಡಿತು. ಅದನ್ನು ಓದಿ ನನಗೆ ಠಾಣೆ ಸ್ಟೇಷನ್ ಬಂದದ್ದೇ ತಿಳಿಯಲಿಲ್ಲ. ಅಪ್ಪನಿಗೆ ಇದನ್ನು ಓದಿ ಹೇಳಬೇಕಿತ್ತು. ಅಪ್ಪ ಆಗ ಇರಲಿಲ್ಲ.

ಈಗ ನಾನು ಖಾರಘರದಲ್ಲಿ ಮಗನ ಮನೆಯಲ್ಲಿದ್ದೇನೆ. ಹನ್ನೊಂದನೇ ಮಹಡಿ, ಕಿಟಕಿ ತೆರೆದರೆ ಗುಡ್ಡ. ನಲ್ಲಿ ಮನೆಯೊಳಗೇ ಇದೆ, ಬಟ್ಟೆ ಒಣಗುವುದು ಯಾರಿಗೂ ಕಾಣುವುದಿಲ್ಲ, ಪಕ್ಕದ ಮನೆಯ ಅಡುಗೆ ಏನೆಂದು ಮೂಗಿಗೆ ತಿಳಿಯುವುದಿಲ್ಲ. ನನ್ನ ಮೊಮ್ಮಕ್ಕಳ ಕೈಯಲ್ಲಿರುವ ಫೋನು ಚಂದ್ರನಿಗೆ ಹೋದ ಆ ಕಂಪ್ಯೂಟರಿಗಿಂತ ಎಷ್ಟೋ ಪಾಲು ಚುರುಕಂತೆ. ಎಷ್ಟು ಕೆಲಸ ಮೈಮೇಲೆ ಬಿದ್ದರೂ ಅದು ಏನನ್ನೂ ಬಿಡುವುದಿಲ್ಲ, ಏನನ್ನೂ ಮರೆಯುವುದಿಲ್ಲ.

ಈ ಸಲ ನಮ್ಮ ಕಟ್ಟಡದವರ ಸೊಸೈಟಿಯ ಗಣಪತಿಯಲ್ಲಿ ಮೊಮ್ಮಗಳು ಕುಣಿಯಲು ನಿಂತು, ನಡುವೆ ಹೆಜ್ಜೆ ಮರೆತು, ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಯಾರೋ ಅದರ ವೀಡಿಯೋ ತೆಗೆದು ಫೋನಿನಲ್ಲಿ ಸೊಸೈಟಿಯ ಗ್ರೂಪಿಗೆ ಹಾಕಿದರು. ಅದರ ಕೆಳಗೆ ಸಾಲಾಗಿ ನಗುವ ಹಳದಿ ಮುಖಗಳು. ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಊಟಕ್ಕೂ ಬಾರದೆ ಕೂತಳು. ನಾನು ಮೆಲ್ಲಗೆ ಒಳಗೆ ಹೋಗಿ, ಮಂಚದ ಅಂಚಿನಲ್ಲಿ ಕೂತು, ಮೊದಲ ಬಾರಿ ಈ ಕಥೆ ಹೇಳಿದೆ. ಒದ್ದೆ ಫ್ರಾಕಿನ ಮಾತು ಬಂದಾಗ ಈ ವಯಸ್ಸಿನಲ್ಲೂ ನನ್ನ ದನಿ ಸಣ್ಣದಾಯಿತು.

ಅವಳು ಕನ್ನಡ ಕೇಳಿ ತಿಳಿಯುತ್ತಾಳೆ, ಮಾತಾಡುವುದು ಹಿಂದಿಯಲ್ಲಿ. “ಅಜ್ಜಿ, ಆಪ್‌ಕಾ ವೀಡಿಯೋ ಕಿಸೀ ಕೇ ಪಾಸ್ ಹೈ ಕ್ಯಾ?” ಎಂದಳು, ನಿಮ್ಮ ವೀಡಿಯೋ ಯಾರ ಹತ್ತಿರವಾದರೂ ಇದೆಯಾ ಎಂದು.

“ಇಲ್ಲ ಮಗಾ. ಆಗ ಎಲ್ಲಿಯ ವೀಡಿಯೋ. ಅದನ್ನು ನೋಡಿದ ನಮ್ಮ ಮನೆಯವರಲ್ಲಿ ಈಗ ಉಳಿದಿರುವುದು ನಾನು, ನನ್ನ ಅಕ್ಕ ಇಬ್ಬರೇ.”

“ಲಕ್ಕಿ ಹೋ ಆಪ್,” ಎಂದಳು. ಸ್ವಲ್ಪ ಯೋಚಿಸಿ ಮತ್ತೆ ಕೇಳಿದಳು. ಯಾರಿಗೂ ಗೊತ್ತೇ ಇಲ್ಲ ಅಂದಮೇಲೆ ಈಗ ಯಾಕೆ ಹೇಳುತ್ತಿದ್ದೀರಿ, ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತಲ್ಲ ಎಂದು.

“ನೀನು ಒಬ್ಬಳೇ ಕೂತಿದ್ದೆ, ಅದಕ್ಕೆ,” ಎಂದೆ.

ಅವಳು ಗೋಡೆಯ ಕಡೆಗೆ ಸ್ವಲ್ಪ ಸರಿದು, ಮಂಚದ ಮೇಲೆ ನನಗೆ ಜಾಗ ಮಾಡಿಕೊಟ್ಟಳು.